ಐದನೆಯ ಹಾಡಿಗೆ ಮುಂಚೆ ನಡೆದದ್ದು

— ಮಾವ, ನಮ್ಮ ಡಲ್ಲಾಸ್ ಕಡೆಯ ಕನ್ನಡದವರು ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಟೆಕ್ಸಸ್ ಸಂಗೀತದ ಮೇಲೆ ನನ್ನಿಂದ ಲೇಖನ ಕೇಳಿದ್ದಾರೆ. ವಿಲ್ಲಿ ನೆಲ್ಸನ್ ಬಗ್ಗೆ ಬರೆಯೋಣ ಅಂತಿದ್ದೇನೆ. ಆದರೆ ಆ ಮನುಷ್ಯನ ಆಲ್ಬಮ್‌ಗಳೇ ಎಪ್ಪತ್ತಕ್ಕೂ ಮೇಲಿವೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

— ಒಂದನ್ನೇ ಹಿಡಿ. 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’. ಅದಕ್ಕೆ ಮುಂಚೆ ಆತನನ್ನು ಜನ ಹಾಡು ಬರೆಯುವವನೆಂದು ಬಲ್ಲವರಾಗಿದ್ದರು. ಅದಾದ ಮೇಲೆಯೇ ಹಾಡುಗಾರನೆಂದು ಒಪ್ಪಿದ್ದು.

— ಅದರಲ್ಲಿನ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಕೇಳಿದ್ದೇನೆ. ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಬರುತ್ತಿರುತ್ತದೆ. ಮಳೆಯಲ್ಲಿ ಬೀಳ್ಕೊಟ್ಟವಳ ನೆನಪು, ತಲೆ ನರೆತರೂ ಮಾಸದ ಪ್ರೀತಿ. ಚೆಂದದ ವಿರಹಗೀತೆ.

— ಆಲ್ಬಮ್ಮಿನಲ್ಲಿ ಅದು ಎಷ್ಟನೆಯದು ಗೊತ್ತೇನು?

— ಇಲ್ಲ.

— ಐದನೆಯದು. ನಾಲ್ಕನೆಯದರಲ್ಲಿ ಆತ ಆ ಹೆಂಗಸನ್ನು ಗುಂಡಿಟ್ಟು ಕೊಂದಿರುತ್ತಾನೆ.

— ಏನು! ಯಾರನ್ನು?

— ಹೆಂಡತಿಯನ್ನು. ಇಡೀ ಆಲ್ಬಮ್ ಒಂದೇ ಕಥೆ ಕಣಮ್ಮ. ಕಥೆ ನಡೆಯುವುದು 1901ರ ಸುಮಾರಿನಲ್ಲಿ. ಒಬ್ಬ ಪಾದ್ರಿ. ಹೆಂಡತಿ ಅವನನ್ನು ಬಿಟ್ಟು ಹಳೆಯ ಪ್ರಿಯಕರನ ಹಿಂದೆ ಹೋಗುತ್ತಾಳೆ. ಮೊದಲನೆಯ ಹಾಡಿನಲ್ಲಿ ಆ ಸುದ್ದಿ ಬರುತ್ತದೆ. ಎರಡನೆಯದರಲ್ಲಿ ಅವನು ಅದನ್ನು ನಂಬಲಾರ. ಮೂರನೆಯದರಲ್ಲಿ ಮೊದಲ ಹಾಡಿನ ಧಾಟಿಯೇ ಮತ್ತೆ ಬಂದು ಅವನ ಮನಸ್ಸು ಕಲ್ಲಾಗುವುದನ್ನು ಹೇಳುತ್ತದೆ. ನಾಲ್ಕನೆಯದರಲ್ಲಿ ಮೊಂಟಾನಾ ಸೀಮೆಯ ಬ್ಲೂ ರಾಕ್ ಎಂಬ ಊರಿಗೆ ಕುದುರೆಯ ಮೇಲೆ ಬಂದು, ಹೆಂಡದಂಗಡಿಯಲ್ಲಿ ನಗುತ್ತ ಕೂತಿದ್ದ ಇಬ್ಬರನ್ನೂ ಕೊಲ್ಲುತ್ತಾನೆ. ಈ ನಾಲ್ಕನೆಯದು ಒಂದೂವರೆ ನಿಮಿಷ ಅಷ್ಟೇ. ಅದು ಮುಗಿದ ಕೂಡಲೇ ನಿನ್ನ ವಿರಹಗೀತೆ ಶುರುವಾಗುತ್ತದೆ.

— ಅಂದರೆ ಅಲ್ಲಿ ಅಗಲಿಕೆಯನ್ನು ನೆನೆದು ಕೊರಗುತ್ತಿರುವವನು ಆ ಅಗಲಿಕೆಯನ್ನು ತನ್ನ ಕೈಯಾರೆ ತಂದುಕೊಂಡವನು.

— ಹೂಂ. ಮುಂದಿನ ಲೋಕದಲ್ಲಿ ಮತ್ತೆ ಸಿಗೋಣ ಎನ್ನುವ ಭಾವ ಆ ಹಾಡಿನ ಕೊನೆಗಿದೆಯಲ್ಲ, ಅದನ್ನು ಈ ಜಾಗದಲ್ಲಿಟ್ಟು ಕೇಳಿ ನೋಡು, ಮೈ ಜುಮ್ಮೆನ್ನುತ್ತದೆ. ಆ ಹಾಡು ವಿಲ್ಲಿ ಬರೆದದ್ದೂ ಅಲ್ಲ. 1940ರ ದಶಕದ್ದು, ಫ್ರೆಡ್ ರೋಸ್ ರಚನೆ. ರಾಯ್ ಏಕಫ್ ಹಾಡಿದ್ದ, ಹ್ಯಾಂಕ್ ವಿಲಿಯಮ್ಸ್ ಹಾಡಿದ್ದ. ಫ್ರೆಡ್ ರೋಸ್ ಬರೆದಾಗ ಅದರಲ್ಲಿ ಕೊಲೆಯೂ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ವಿಲ್ಲಿ ಅದನ್ನು ಈ ಕಥೆಗೆಂದು ತಿದ್ದಿ ಬರೆಯಲಿಲ್ಲ. ಕೊಲೆಯ ಪಕ್ಕದಲ್ಲಿ ತಂದಿಟ್ಟ, ಅಷ್ಟೇ. ನಿನ್ನ ಲೇಖನಕ್ಕೆ ಇದೇ ಸಾಕು ಅನ್ನಿಸುತ್ತದೆ ನನಗೆ. ಆ ಆಲ್ಬಮ್ಮಿನ ದೊಡ್ಡಸ್ತಿಕೆಯೆಲ್ಲ ಹಾಡುಗಳನ್ನು ಜೋಡಿಸಿದ ರೀತಿಯಲ್ಲಿದೆ.

— ಸ್ವಂತ ಹಾಡುಗಳೇ ಇಲ್ಲವೇ ಅದರಲ್ಲಿ?

— ಇವೆ. ಕಥೆಯನ್ನು ಮುಂದೆ ತಳ್ಳುವ ಚಿಕ್ಕಪುಟ್ಟ ತುಣುಕುಗಳು ಹೆಚ್ಚಿನವು ಅವನವೇ. ಪಾದ್ರಿಯ ಹಾಡು, ಬ್ಲೂ ರಾಕ್ ಪ್ರಸಂಗ, ‘ಡೆನ್ವರ್’ ಅನ್ನುವ ಒಂದು ನಿಮಿಷವೂ ಇಲ್ಲದ ಹಾಡು, ಕೊನೆಗೆ ಬರುವ ‘ಬಂಡೇರಾ’ ಎಂಬ ಬರೀ ವಾದ್ಯದ ತುಣುಕು. ನಡುನಡುವೆ ಬರುವ ತುಂಬು ಹಾಡುಗಳು ಬೇರೆಯವರವು. ಎಡ್ಡಿ ಆರ್ನಾಲ್ಡ್, ಸ್ಕಾಟಿ ವೈಸ್‌ಮನ್, ಹ್ಯಾಂಕ್ ಕಾಕ್ರನ್, ಬಿಲ್ ಕ್ಯಾಲರಿ ಇಂಥವರವು. ಒಟ್ಟು ಹದಿನೈದು ತುಣುಕು, 33 ನಿಮಿಷ. ವಿಚಿತ್ರ ನೋಡು, ಅದಕ್ಕೂ ಮುಂಚೆ ಈತ ಬರೆದ ಹಾಡುಗಳಿಂದ ಬೇರೆಯವರು ಹೆಸರು ಮಾಡಿದರು. 1961ರಲ್ಲಿ ‘ಕ್ರೇಜಿ’ ಹಾಡಿ ಪ್ಯಾಟ್ಸಿ ಕ್ಲೈನ್ ಮನೆಮಾತಾದಳು. ಅದೇ ವರ್ಷ ‘ಹಲೋ ವಾಲ್ಸ್’ ಹಾಡಿ ಫರಾನ್ ಯಂಗ್ ಮೊದಲ ಸ್ಥಾನಕ್ಕೇರಿದ. ಅದಕ್ಕೂ ಹಿಂದೆ ಕೈಯಲ್ಲಿ ಕಾಸಿಲ್ಲದಾಗ ‘ಫ್ಯಾಮಿಲಿ ಬೈಬಲ್’ ಎಂಬ ಹಾಡಿನ ಹಕ್ಕನ್ನು 50 ಡಾಲರಿಗೆ, ‘ನೈಟ್ ಲೈಫ್’ನ ಹಕ್ಕನ್ನು 150 ಡಾಲರಿಗೆ ಮಾರಿಬಿಟ್ಟಿದ್ದ. ಬರವಣಿಗೆಯಲ್ಲಿ ಅಂಥ ಕೈ ಇದ್ದವನು ಹಾಡುಗಾರನಾಗಿ ಗೆದ್ದದ್ದು ಇನ್ನೊಬ್ಬರ ಹಳೆಯ ಹಾಡಿನಿಂದ.

— ದನಿ ಚೆನ್ನಾಗಿಲ್ಲ ಎಂದು ಕಂಪನಿಗಳು ದೂರ ಇಟ್ಟಿದ್ದವೇ?

— ದೂರ ಇಡಲಿಲ್ಲ, ಹತ್ತಿರ ಇಟ್ಟುಕೊಂಡೇ ಮುಚ್ಚಿಹಾಕಿದರು. ನ್ಯಾಶ್‌ವಿಲ್‌ನ ಪದ್ಧತಿ ನಿನಗೆ ತಿಳಿದಿರಬೇಕು, ಇಲ್ಲದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಐವತ್ತರ ದಶಕದ ಕೊನೆಯಿಂದ ಅಲ್ಲಿ ಚೆಟ್ ಆಟ್ಕಿನ್ಸ್, ಓವನ್ ಬ್ರಾಡ್ಲಿಯಂಥ ನಿರ್ಮಾಪಕರು ಒಂದು ಅಚ್ಚು ಮಾಡಿಟ್ಟರು. ಹಳ್ಳಿಯ ಪಿಟೀಲು ತೆಗೆ, ಹತ್ತಾರು ವಯಲಿನ್‌ಗಳ ಸಾಲು ಕೂರಿಸು. ಹಿಂದೆ ನಯವಾದ ಕೋರಸ್ ಇರಲಿ. ಪಟ್ಟಣದವರೂ ಕೊಳ್ಳುವ ಹಾಗಿರಬೇಕು ಎಂಬ ಲೆಕ್ಕ. ಆ ಅಚ್ಚಿನಲ್ಲೂ ಅದ್ಭುತವಾದ ಹಾಡುಗಳು ಬಂದವು, ಪ್ಯಾಟ್ಸಿ ಕ್ಲೈನ್‌ಳ ‘ಕ್ರೇಜಿ’ಯೇ ಆ ಅಚ್ಚಿನದು. ಆದರೆ ಹಾಡುಗಾರ ಊರೂರಿಗೆ ಹೋಗಿ ಯಾವ ತಂಡದ ಜೊತೆ ಹಾಡುತ್ತಾನೋ ಆ ತಂಡಕ್ಕೆ ಸ್ಟುಡಿಯೋದಲ್ಲಿ ಜಾಗವಿಲ್ಲ. ಅಲ್ಲಿ ಬಾರಿಸುವವರು ಬೇರೆಯೇ, ದಿನವೂ ಅದೇ ಕೆಲಸ ಮಾಡುವ ನುರಿತ ಕೈಗಳು. ಮೂರು ಗಂಟೆಯ ಪಾಳಿ, ಅಷ್ಟರಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು. ವಿಲ್ಲಿ ಅರವತ್ತರ ದಶಕದ ನಡುವಿನಿಂದ 1972ರವರೆಗೆ ಆರ್‌ಸಿಎ ಕಂಪನಿಯಲ್ಲಿ ಹೀಗೇ ದುಡಿದ. ಅವನ ದನಿಯ ಮೇಲೆ ವಯಲಿನ್ ಹೊದಿಸಿದರು.

— ಆ ದನಿಗೆ ಏನು ತೊಂದರೆ ಅಂತ ಹೊದಿಸಿದ್ದು? ಮೂಗಿನಲ್ಲಿ ಹಾಡುತ್ತಾನೆ, ನಿಜ. ಆದರೆ ಕಂಟ್ರಿ ಸಂಗೀತದಲ್ಲಿ ಅದು ಹೊಸತೇನಲ್ಲವಲ್ಲ.

— ಮೂಗಲ್ಲ, ಕಾಲಪ್ರಮಾಣ. ನೀನು ಕರ್ನಾಟಕ ಸಂಗೀತ ಕಲಿತವಳು, ಸರಿಯಾಗಿ ಕೇಳು. ತಾಳದ ಪೆಟ್ಟು ಬಿದ್ದ ಮೇಲೆ ಸ್ವಲ್ಪ ಸಾವಕಾಶವಾಗಿ ಮಾತು ಎತ್ತುತ್ತಾನೆ. ಸಾಲಿನ ನಡುವೆ ಓಡಿ, ಕೊನೆಗೆ ಬಂದು ಸೇರಿಕೊಳ್ಳುತ್ತಾನೆ.

— ಅನಾಗತದಲ್ಲಿ ಎತ್ತುಗಡೆ! ಹೌದು, ‘ಬ್ಲೂ ಐಸ್’ನಲ್ಲೂ ಹಾಗೇ ಇದೆ. ನಾನು ಜೊತೆಗೆ ಗುನುಗಲು ಹೋದಾಗಲೆಲ್ಲ ನಾನೇ ಮುಂದೆ ಹೋಗಿಬಿಡುತ್ತಿದ್ದೆ.

— ಅದು ಅವನು ಫ್ರಾಂಕ್ ಸಿನಾಟ್ರಾನನ್ನು ಕೇಳಿ ಬೆಳೆಸಿಕೊಂಡ ರೂಢಿ. ಗಿಟಾರಿನಲ್ಲಿ ಜಾಂಗೋ ರೈನ್‌ಹಾರ್ಟ್ ಅವನಿಗೆ ಗುರುವಿನ ಸಮಾನ. ಈಗ ಯೋಚಿಸು. ಹತ್ತು ಹನ್ನೆರಡು ವಯಲಿನ್‌ಗಳು ಕಾಗದ ನೋಡಿಕೊಂಡು ಪೆಟ್ಟಿಗೆ ಸರಿಯಾಗಿ ಹೋಗುತ್ತಿರುವಾಗ ಅವುಗಳ ನಡುವೆ ಹೀಗೆ ಹಾಡಿದರೆ ಕೇಳುವವರಿಗೆ ತಾಳ ತಪ್ಪಿದ ಹಾಗೆ ಕೇಳಿಸುತ್ತದೆ. ಹಿಂದೆ ಒಂದು ಗಿಟಾರು, ಒಂದು ಬೇಸ್ ಮಾತ್ರ ಇಟ್ಟು ನೋಡು, ಅದೇ ಹಾಡಿಕೆ ಮನುಷ್ಯ ಮಾತಾಡಿದ ಹಾಗಿರುತ್ತದೆ. ನಾನು ಕ್ಯಾಸೆಟ್ ಕಾಲದಲ್ಲಿ ಇಲ್ಲಿ ಭಾವಗೀತೆಗಳ ಧ್ವನಿಮುದ್ರಣ ಮಾಡುತ್ತಿದ್ದಾಗ ಇದನ್ನೇ ಎಷ್ಟೋ ಸಲ ಹೇಳಿದ್ದೇನೆ. ಹಾಡಿನಲ್ಲಿ ಎಲ್ಲಾದರೂ ಬಿಡುವು ಕಂಡರೆ ಸಾಕು, ಅಲ್ಲೊಂದು ಕೊಳಲು ಹಾಕಿ, ಇಲ್ಲೊಂದು ಸಿತಾರ್ ಹಾಕಿ ಎನ್ನುವವರು ಇದ್ದೇ ಇರುತ್ತಿದ್ದರು. ಕವಿಯ ಮಾತು ಕೇಳುಗನ ಎದೆಗಿಳಿಯಲು ಆ ಬಿಡುವೇ ಬೇಕು.

— ಸರಿ, ನ್ಯಾಶ್‌ವಿಲ್ ಬಿಟ್ಟು ಟೆಕ್ಸಸ್‌ಗೆ ಬಂದದ್ದು ಆ ಬೇಸರಕ್ಕೇ?

— ಬೇಸರವೂ ಹೌದು, ಮನೆ ಸುಟ್ಟದ್ದೂ ಹೌದು. ನ್ಯಾಶ್‌ವಿಲ್ ಹತ್ತಿರದ ರಿಜ್‌ಟಾಪ್‌ನಲ್ಲಿದ್ದ ಅವನ ಮನೆಗೆ ಬೆಂಕಿ ಬಿತ್ತು. ಉರಿಯುವ ಮನೆಯೊಳಗೆ ನುಗ್ಗಿ ತಂದ ಸಾಮಾನುಗಳಲ್ಲಿ ಅವನ ಗಿಟಾರೂ ಒಂದು. ಈ ಗಿಟಾರಿನ ಬಗ್ಗೆ ಎರಡು ಮಾತು ಬರಿ. ಆಲ್ಬಮ್ಮಿನಲ್ಲಿ ಅವನ ದನಿಯ ಎದುರು ಇನ್ನೊಂದು ದನಿ ಅಂತ ಇದ್ದರೆ ಅದು ಅದೇ. ಮಾರ್ಟಿನ್ ಕಂಪನಿಯ ಎನ್-20 ಮಾದರಿ, 1969ರಲ್ಲಿ ಕಣ್ಣಿಂದ ನೋಡದೆ 750 ಡಾಲರಿಗೆ ತರಿಸಿಕೊಂಡದ್ದು. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರು ಅದು, ಬೆರಳಿನಿಂದ ಮೀಟಲು ಮಾಡಿದ್ದು. ಈತ ಅದನ್ನು ಪಿಕ್ ಹಿಡಿದು ಬಾರಿಸುತ್ತಾನೆ. ಕಂಟ್ರಿ ಗಿಟಾರುಗಳಲ್ಲಿ ಪಿಕ್ ತಾಗುವ ಕಡೆ ಮರದ ಮೇಲೆ ಒಂದು ರಕ್ಷಣೆಯ ಪಟ್ಟಿ ಅಂಟಿಸಿರುತ್ತಾರೆ, ಇದಕ್ಕೆ ಅದಿಲ್ಲ. ಉಜ್ಜಿ ಉಜ್ಜಿ ದನಿಗಂಡಿಯ ಪಕ್ಕದಲ್ಲಿ ಮರ ಸವೆದು ಇನ್ನೊಂದು ತೂತೇ ಬಿದ್ದಿದೆ. ರಾಯ್ ರೋಜರ್ಸ್‌ನ ಕುದುರೆಯ ಹೆಸರನ್ನೇ ಅದಕ್ಕೂ ಇಟ್ಟಿದ್ದಾನೆ, ‘ಟ್ರಿಗರ್’ ಅಂತ. ಸ್ಟೀಲ್ ತಂತಿಯ ಗಿಟಾರಿನಂತೆ ಅದು ಝಣ್ ಎನ್ನುವುದಿಲ್ಲ. ದನಿ ಗಿಡ್ಡ, ಸ್ವಲ್ಪ ಒಣಕಲು, ಮೀಟಿದ ಮರುಕ್ಷಣ ಕರಗುತ್ತದೆ. ಕಥೆ ಹೇಳುವವನಿಗೆ ಅಂಥದ್ದೇ ಬೇಕು, ಮುಂದಿನ ಮಾತಿಗೆ ಜಾಗ ಬಿಟ್ಟುಕೊಡುತ್ತದೆ.

— ಟೆಕ್ಸಸ್‌ನಲ್ಲಿ ಆಸ್ಟಿನ್ ಊರು ಅವನನ್ನು ಕೈಬೀಸಿ ಕರೆಯಿತು ಅಂತ ಓದಿದ್ದೇನೆ. 1972ರಲ್ಲಿ ಅಲ್ಲಿನ ‘ಆರ್ಮಡಿಲೋ ವರ್ಲ್ಡ್ ಹೆಡ್‌ಕ್ವಾರ್ಟರ್ಸ್’ನಲ್ಲಿ ಹಾಡಿದಾಗ ಉದ್ದಕೂದಲಿನ ಹಿಪ್ಪಿ ಹುಡುಗರೂ ದನಗಾಹಿ ಟೋಪಿಯ ರೈತರೂ ಅಕ್ಕಪಕ್ಕ ನಿಂತು ಕೇಳಿದರಂತೆ.

— ಹೌದು, ಅದು ಗೊತ್ತಿರುವ ಕಥೆ, ಅದರಲ್ಲಿ ಹೆಚ್ಚು ನಿಲ್ಲಬೇಡ. ನೀನು ನಿಲ್ಲಬೇಕಾದದ್ದು ಕರಾರಿನ ಹತ್ತಿರ. ಅಟ್ಲಾಂಟಿಕ್ ಕಂಪನಿಗೆ ಎರಡು ಒಳ್ಳೆಯ ಆಲ್ಬಮ್ ಕೊಟ್ಟ. 1974ರಲ್ಲಿ ಆ ಕಂಪನಿ ತನ್ನ ಕಂಟ್ರಿ ವಿಭಾಗವನ್ನೇ ಮುಚ್ಚಿತು. ಆಮೇಲೆ ಕೊಲಂಬಿಯಾ ಕಂಪನಿಯ ಜೊತೆ ಕರಾರಾಯಿತು. ಏನು ಹಾಡಬೇಕು, ಯಾರು ಬಾರಿಸಬೇಕು, ಹೇಗೆ ಮುದ್ರಿಸಬೇಕು ಎಲ್ಲವೂ ಹಾಡುಗಾರನ ತೀರ್ಮಾನ ಎಂದು ಅದರಲ್ಲಿ ಬರೆಸಿಕೊಂಡ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ನೀಲ್ ರೆಶೆನ್ ಇದಕ್ಕೂ ಮುಂಚೆ ಹಾಡುಗಾರ ವೇಲನ್ ಜೆನಿಂಗ್ಸ್‌ಗೂ ಆರ್‌ಸಿಎ ಜೊತೆ ಇಂಥದೇ ಹಿಡಿತ ಗಿಟ್ಟಿಸಿಕೊಟ್ಟಿದ್ದ. ಈ ಷರತ್ತು ಇಲ್ಲದಿದ್ದರೆ ನಾವು ಈ ಮಾತುಕತೆಯನ್ನೇ ಆಡುತ್ತಿರಲಿಲ್ಲ. ಯಾಕೆಂದರೆ ಆಲ್ಬಮ್ ಕೇಳಿದ ಕಂಪನಿಯವರಿಗೆ ಅದು ಡೆಮೊ ಅನ್ನಿಸಿತು, ಮುಗಿಯದ ಕೆಲಸ. ನ್ಯಾಶ್‌ವಿಲ್‌ಗೆ ಕಳಿಸಿ ಬಿಲ್ಲಿ ಶೆರಿಲ್ ಕೈಯಲ್ಲಿ ಒಪ್ಪ ಮಾಡಿಸೋಣ ಎಂಬ ಮಾತೂ ಬಂತು. ಬಿಲ್ಲಿ ಶೆರಿಲ್ ಅಂದರೆ ಟ್ಯಾಮಿ ವೈನೆಟ್‌ಳ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ ಮಾಡಿದವನು, ವಯಲಿನ್ ಹೊದಿಸುವುದರಲ್ಲಿ ಎತ್ತಿದ ಕೈ. ಕರಾರು ಅಡ್ಡ ಬಂತು. ಇದ್ದದ್ದು ಇದ್ದಹಾಗೆ ಹೊರಗೆ ಬಂತು.

— ಗಾರ್ಲೆಂಡ್‌ನಲ್ಲಿ ಮುದ್ರಿಸಿದ್ದಲ್ಲವೇ? ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಮಾವ. ಎಷ್ಟು ಸಲ ಆ ಕಡೆ ಹೋಗಿದ್ದೇನೆ, ಅಲ್ಲಿ ಇಂಥದೊಂದು ನಡೆದಿದೆ ಎಂದು ಹೊಳೆದೇ ಇರಲಿಲ್ಲ.

— ಆಟಮ್ ಸೌಂಡ್ ಸ್ಟುಡಿಯೋ. 1975ರ ಜನವರಿ. ಫಿಲ್ ಯಾರ್ಕ್ ಎಂಬಾತ ಎಂಜಿನಿಯರ್. ಕೆಲವೇ ದಿನಗಳ ಕೆಲಸ, ಖರ್ಚು ಸುಮಾರು 4,000 ಡಾಲರ್ ಎನ್ನುತ್ತಾರೆ. ಬಾರಿಸಿದವರು ಊರೂರು ಸುತ್ತುವ ಅವನದೇ ತಂಡ. ಪಿಯಾನೋದಲ್ಲಿ ಅಕ್ಕ ಬಾಬಿ ನೆಲ್ಸನ್, ಹಾರ್ಮೋನಿಕಾದಲ್ಲಿ ಮಿಕ್ಕಿ ರಾಫೆಲ್, ಬೇಸ್‌ನಲ್ಲಿ ಬೀ ಸ್ಪಿಯರ್ಸ್, ಡ್ರಮ್ಸ್‌ಗೆ ಪಾಲ್ ಇಂಗ್ಲಿಷ್, ಗಿಟಾರಿಗೆ ಜೋಡಿ ಪೇನ್. ತಂಡ ಪೂರ್ತಿ ಇದೆ, ಆದರೆ ಆಲ್ಬಮ್ ಕೇಳಿದರೆ ಬಹಳ ಹೊತ್ತು ಇಬ್ಬರು ಮೂವರೇ ಇದ್ದ ಹಾಗೆ ಕೇಳಿಸುತ್ತದೆ. ನನಗೆ ಆ ಪಾಲ್ ಇಂಗ್ಲಿಷ್ ಮೇಲೆ ತುಂಬ ಗೌರವ. ಡ್ರಮ್ಸ್ ಮುಂದೆ ಕೂತು, ಬಾರಿಸದೇ ಇರುವುದೇ ಈ ಹಾಡಿಗೆ ತಾನು ಮಾಡಬೇಕಾದ ಕೆಲಸ ಎಂದು ತಿಳಿದುಕೊಳ್ಳಲು ಎಷ್ಟು ವಿದ್ಯೆ ಬೇಕು! ಮೊದಲ ಹಾಡಿನ ಶುರುವನ್ನೇ ಕೇಳು. ಟ್ರಿಗರ್ ಒಂದೇ. ನಾಲ್ಕೈದು ಸ್ವರ, ಅದರ ಹಿಂದೆಯೇ ದನಿ. ಪೀಠಿಕೆಯಿಲ್ಲ, ಸಿಂಗಾರವಿಲ್ಲ, ನೇರ ಕಥೆ.

— ಈ ಕಥೆಯ ಬೀಜ ಎಲ್ಲಿ ಸಿಕ್ಕಿತು ಅವನಿಗೆ?

— ಹಳೆಯದೊಂದು ಕಥನಗೀತೆಯಲ್ಲಿ. ‘ರೆಡ್ ಹೆಡೆಡ್ ಸ್ಟ್ರೇಂಜರ್’ ಎಂಬುದು ಆಲ್ಬಮ್ಮಿನ ಆರನೆಯ ಹಾಡು, ಅದು ಐವತ್ತರ ದಶಕದ ಮೊದಲಲ್ಲೇ ಹುಟ್ಟಿದ್ದು. ಈಡಿತ್ ಲಿಂಡೆಮನ್ ಮತ್ತು ಕಾರ್ಲ್ ಸ್ಟಟ್ಜ್ ಇಬ್ಬರೂ ವರ್ಜೀನಿಯಾದ ರಿಚ್ಮಂಡ್‌ನವರು. ಆಕೆ ಅಲ್ಲಿನ ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದವರು, ಆತ ರೇಡಿಯೋದವರು. ಪದ್ಯ ಆಕೆಯದು, ಮಟ್ಟು ಆತನದು. ಐವತ್ತರ ದಶಕದಲ್ಲಿ ವಿಲ್ಲಿ ಫೋರ್ಟ್ ವರ್ತ್‌ನ ರೇಡಿಯೋದಲ್ಲಿ ಕೆಲಸದಲ್ಲಿದ್ದಾಗ ಮಧ್ಯಾಹ್ನ ಮಕ್ಕಳಿಗೆಂದು ಈ ಹಾಡನ್ನು ಹಾಕುತ್ತಿದ್ದ. ಮನೆಯಲ್ಲಿ ತನ್ನ ಮಕ್ಕಳನ್ನು ಮಲಗಿಸಲು ತಾನೇ ಹಾಡುತ್ತಿದ್ದ. ಇಪ್ಪತ್ತು ವರ್ಷ ಕಳೆದ ಮೇಲೆ ಕೊಲರಾಡೋದಿಂದ ಟೆಕ್ಸಸ್‌ಗೆ ಕಾರಿನಲ್ಲಿ ವಾಪಸಾಗುವಾಗ ಹೊಸ ಆಲ್ಬಮ್ಮಿಗೆ ಏನು ಮಾಡಲಿ ಎಂಬ ಮಾತು ಬಂತು. ಆಗಿನ ಹೆಂಡತಿ ಕಾನಿ ಈ ಹಾಡನ್ನು ನೆನಪಿಸಿದಳು. ಈ ಪಾದ್ರಿ ಯಾರು, ಇವನಿಗೆ ಹೀಗೆ ಯಾಕಾಯಿತು, ಮುಂದೆ ಏನಾದ ಅಂತ ದಾರಿಯುದ್ದಕ್ಕೂ ಹಿಂದುಮುಂದಿನ ಕಥೆ ಕಟ್ಟುತ್ತ ಬಂದ.

— ಆ ಆರನೆಯ ಹಾಡಿನಲ್ಲಿ ಏನಾಗುತ್ತದೆ?

— ಹೆಂಡತಿಯನ್ನು ಕೊಂದ ಮೇಲೆ ಅವನು ಅಲೆಯುತ್ತಾನೆ. ಒಂದು ಕುದುರೆಯ ಮೇಲೆ ಅವನು, ಜೊತೆಯಲ್ಲಿ ಸತ್ತವಳ ಕುದುರೆ, ಅದನ್ನು ಬಿಟ್ಟಿರಲಾರ. ಒಂದು ಊರಿನಲ್ಲಿ ಹೊಂಗೂದಲಿನ ಹೆಂಗಸೊಬ್ಬಳು ಆ ಕುದುರೆಯ ಮೇಲೆ ಆಸೆಪಟ್ಟು ಅವನ ಸ್ನೇಹ ಬೆಳೆಸುತ್ತಾಳೆ. ಕುದುರೆಗೆ ಕೈಹಾಕಿದ ಕೂಡಲೇ ಗುಂಡು ಹಾರಿಸುತ್ತಾನೆ. ಕುದುರೆ ಕದಿಯಲು ಬಂದವಳನ್ನು ಕೊಂದದ್ದಕ್ಕೆ ನೇಣು ಹಾಕಲಾಗುವುದಿಲ್ಲ ಎಂದು ಕಾನೂನು ಬಿಟ್ಟುಬಿಡುತ್ತದೆ.

— ಇದನ್ನು ಮಕ್ಕಳನ್ನು ಮಲಗಿಸಲು ಹಾಡುತ್ತಿದ್ದನೇ?

— ಯಾಕೆ, ನಿನ್ನನ್ನು ಹುಲಿಯ ಬಾಯಿಗೆ ಹೊರಟ ಹಸುವಿನ ಹಾಡು ಹೇಳಿಯೇ ನಿಮ್ಮಮ್ಮ ಮಲಗಿಸಿದ್ದು.

— ಆದರೆ ಅಲ್ಲಿ ಹಸು ಉಳಿಯುತ್ತದೆ ಮಾವ, ಸಾಯುವುದು ಹುಲಿ. ತಾನು ಮಾಡಹೊರಟದ್ದು ಎಂಥ ಪಾಪ ಎಂದು ಹೊಳೆದ ಕೂಡಲೇ ಹುಲಿ ತಾನೇ ಪ್ರಾಣ ಬಿಡುತ್ತದೆ. ಇಲ್ಲಿ ಮೂರು ಜನರನ್ನು ಕೊಂದವನಿಗೆ ಏನಾಗುತ್ತದೆ? ಮುಂದೆ ಹೇಳಿ.

— ಡೆನ್ವರ್ ಊರಿಗೆ ಬರುತ್ತಾನೆ. ಅಲ್ಲಿ ಒಬ್ಬಳು ಹೆಂಗಸು ಸಿಗುತ್ತಾಳೆ. ಜೊತೆಯಲ್ಲಿ ಕುಣಿಯುತ್ತಾರೆ. ಅವಳ ತೋಳಲ್ಲಿ ಒಂದು ರಾತ್ರಿ ಮಲಗಲೇ ಎಂದು ಕೇಳುತ್ತಾನೆ. ಕೊನೆಯ ಹಾಡಿನ ಹೊತ್ತಿಗೆ ವಯಸ್ಸಾಗಿದೆ, ಪಕ್ಕದಲ್ಲಿ ಮಗುವೊಂದಿದೆ, ಮನಸ್ಸು ನೆಲೆ ಕಂಡಿದೆ.

— ನೋಡಿದಿರಾ. ಶಿಕ್ಷೆಯಿಲ್ಲ, ಪಶ್ಚಾತ್ತಾಪವಿಲ್ಲ. ಅವನ ನೋವೇ ದೊಡ್ಡದು, ಸತ್ತವರು ಆ ನೋವಿಗೆ ಸೌದೆ.

— ಪಶ್ಚಾತ್ತಾಪವಿಲ್ಲ ಅನ್ನಬೇಡ. ಎಂಟನೆಯದಾಗಿ ಏನು ಬರುತ್ತದೆ ನೋಡು. ‘ಜಸ್ಟ್ ಆ್ಯಸ್ ಐ ಆ್ಯಮ್’, ಚರ್ಚಿನ ಹಳೆಯ ಪ್ರಾರ್ಥನೆ. ನಾನು ಹೇಗಿದ್ದೇನೋ ಹಾಗೆಯೇ ನಿನ್ನೆದುರು ಬಂದಿದ್ದೇನೆ ಎಂದು ಪಾಪಿಗಳು ದೇವರ ಮುಂದೆ ನಿಲ್ಲುವಾಗ ಹಾಡುವುದು. ಇಲ್ಲಿ ಅದಕ್ಕೆ ಮಾತಿಲ್ಲ, ಬರೀ ವಾದ್ಯ, ಬಾಬಿಯ ಪಿಯಾನೋ. ವಿಲ್ಲಿ ಮತ್ತು ಬಾಬಿ ಆ್ಯಬಟ್ ಎಂಬ ಪುಟ್ಟ ಊರಿನಲ್ಲಿ ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆದವರು, ಚರ್ಚಿನಲ್ಲಿ ಇಂಥವನ್ನೇ ಬಾರಿಸಿ ಕಲಿತವರು. ಅಮೆರಿಕದ ಹಳ್ಳಿಗಾಡಿನ ಕೇಳುಗರಿಗೆ ಆ ಮಟ್ಟು ಕಿವಿಗೆ ಬಿದ್ದರೆ ಸಾಕು, ಮಾತುಗಳು ತಾವೇ ಬರುತ್ತವೆ. ಒಬ್ಬ ಪಾದ್ರಿ, ಕೊಲೆ ಮಾಡಿದ ಪಾದ್ರಿ, ಆ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಲಾರ. ಪಿಯಾನೋ ಹೇಳುತ್ತದೆ. ನನಗೆ ಇಡೀ ಆಲ್ಬಮ್ಮಿನಲ್ಲಿ ಅತ್ಯಂತ ಆಳವಾದ ಜಾಗ ಅದು. ಅಲ್ಲಿಂದ ಮುಂದೆ ‘ಓವರ್ ದ ವೇವ್ಸ್’, ‘ಡೌನ್ ಯಾಂಡರ್’, ‘ಬಂಡೇರಾ’ ಇವೂ ಮಾತಿಲ್ಲದವೇ. ಕಥನಗೀತೆ ಹೇಳುವವನು ಮುಖ್ಯವಾದದ್ದನ್ನು ಮಾತಿಗೆ ಬಿಟ್ಟುಕೊಡದೇ ವಾದ್ಯಕ್ಕೆ ಬಿಟ್ಟುಕೊಟ್ಟಿದ್ದಾನೆ.

— ಚೆನ್ನಾಗಿದೆ, ಒಪ್ಪಿದೆ. ಆದರೂ ಅವನು ಉತ್ತರ ಕೊಡಬೇಕಾದ ಜಾಗದಲ್ಲೇ ಮಾತು ನಿಂತದ್ದು ನನಗೆ ಸರಿಹೋಗುವುದಿಲ್ಲ. ಕೊಲ್ಲುವುದನ್ನು ಮಾತಿನಲ್ಲಿ ಹೇಳಿದವನು ಪಶ್ಚಾತ್ತಾಪವನ್ನೂ ಮಾತಿನಲ್ಲಿ ಹೇಳಬಹುದಿತ್ತು. ಆ ಹೆಂಡತಿ ಯಾಕೆ ಹೋದಳು? ಪಾದ್ರಿಯ ಮನೆಯಲ್ಲಿ ಅವಳ ಬದುಕು ಹೇಗಿತ್ತು? ಒಂದು ಸಾಲೂ ಇಲ್ಲ.

— ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ, ಆದರೆ ಅದು ಬೇರೆ ಆಲ್ಬಮ್ಮಿನದು. ಹಿಂದಿನ ವರ್ಷ, 1974ರಲ್ಲಿ, ಅಟ್ಲಾಂಟಿಕ್‌ಗೆ ‘ಫೇಸಸ್ ಆ್ಯಂಡ್ ಸ್ಟೇಜಸ್’ ಎಂದು ಮಾಡಿದ್ದ. ಅದೂ ಒಂದೇ ಕಥೆ, ಒಂದು ದಾಂಪತ್ಯ ಮುರಿಯುವ ಕಥೆ. ತಟ್ಟೆಯ ಒಂದು ಬದಿ ಪೂರ್ತಿ ಹೆಂಡತಿಯ ಕಡೆಯಿಂದ. ಅವಳು ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಮನೆ ಬಿಟ್ಟು ಹೋಗುವುದು. ಇನ್ನೊಂದು ಬದಿ ಗಂಡನ ಕಡೆಯಿಂದ. ಅಂದರೆ ಹೆಂಡತಿಯ ಕಡೆಯಿಂದ ನೋಡುವುದು ಅವನಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

— ಗೊತ್ತಿದ್ದೂ ಬಿಟ್ಟ ಅಂದ ಹಾಗಾಯಿತು. ಅದು ಮಾರಾಟವಾಯಿತೇ?

— ಇದರಷ್ಟು ಆಗಲಿಲ್ಲ. 1971ರಲ್ಲಿ ಆರ್‌ಸಿಎಗೆ ‘ಯೆಸ್ಟರ್‌ಡೇಸ್ ವೈನ್’ ಎಂದು ಒಬ್ಬ ಮನುಷ್ಯನ ಹುಟ್ಟಿನಿಂದ ಸಾವಿನವರೆಗಿನ ಕಥೆ ಮಾಡಿದ್ದ, ಅದಂತೂ ಬಂದದ್ದೇ ತಿಳಿಯಲಿಲ್ಲ. ‘ರೆಡ್ ಹೆಡೆಡ್ ಸ್ಟ್ರೇಂಜರ್’ ಒಂದೇ ರಾತ್ರಿಯಲ್ಲಿ ಹೊಳೆದ ಹೊಸತೆಂದು ಬರೆಯಬೇಡ. ಕಥೆಯಾಗಿ ಆಲ್ಬಮ್ ಕಟ್ಟುವುದರಲ್ಲಿ ಇದು ಮೂರನೆಯ ಪ್ರಯತ್ನ.

— ನನ್ನ ಪ್ರಶ್ನೆ ಅಲ್ಲಿಯೇ ಇದೆ ಮಾವ. ಹೆಂಡತಿಗೂ ಮಾತು ಕೊಟ್ಟ ಆಲ್ಬಮ್ ಅಷ್ಟಕ್ಕಷ್ಟೇ, ಹೆಂಡತಿಯನ್ನು ಕೊಂದ ಆಲ್ಬಮ್ ಚರಿತ್ರೆ. ಇದನ್ನು ಬರೆಯದೇ ಬಿಡಲೇ?

— ಬರೆ. ಆದರೆ ಇದನ್ನೂ ಸೇರಿಸು: ಆ ಕುದುರೆ ಹಾಡಿನ ಪದ್ಯ ಬರೆದವಳು ಹೆಂಗಸು. ಇದನ್ನೇ ಆಲ್ಬಮ್ ಮಾಡು ಎಂದವಳು ಹೆಂಗಸು. ಅದರ ಪ್ರಾರ್ಥನೆಯನ್ನು ಬಾರಿಸಿದವಳು ಹೆಂಗಸು. ಇದರಿಂದ ನಿನ್ನ ಆಕ್ಷೇಪ ಬಿದ್ದುಹೋಗುತ್ತದೆ ಎನ್ನುತ್ತಿಲ್ಲ. ಇದು ಗಂಡಸರ ಗುಂಪೊಂದು ಕೂತು ಮಾಡಿದ್ದು ಎಂದು ಓದುಗರು ತಿಳಿಯಬಾರದು.

— ಸೇರಿಸುತ್ತೇನೆ. ಈಡಿತ್ ಲಿಂಡೆಮನ್ ಹೆಸರನ್ನು ನಾನು ಈವರೆಗೆ ಕೇಳಿಯೇ ಇರಲಿಲ್ಲ.

— ‘ಲಿಟಲ್ ಥಿಂಗ್ಸ್ ಮೀನ್ ಎ ಲಾಟ್’ ಕೇಳಿದ್ದೀಯಾ? ಕಿಟ್ಟಿ ಕ್ಯಾಲನ್ ಹಾಡಿದ್ದು, 1954ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ. ಅದೂ ಈ ಇಬ್ಬರದೇ. ಸಣ್ಣ ಸಣ್ಣ ಅಕ್ಕರೆಗಳ ಮೇಲಿನ ಹಾಡು. ಅದೇ ಕೈ ಈ ಕುದುರೆ ಸವಾರನನ್ನೂ ಬರೆಯಿತು.

— ಇನ್ನು ಗೆದ್ದದ್ದರ ಲೆಕ್ಕ ಕೊಡಿ. ಅದಿಲ್ಲದಿದ್ದರೆ ಸಂಪಾದಕರು ಬಿಡುವುದಿಲ್ಲ.

— ಆಲ್ಬಮ್ ಬಂದದ್ದು 1975ರ ಮೇ ತಿಂಗಳಲ್ಲಿ. ‘ಬ್ಲೂ ಐಸ್’ ಬೇಸಿಗೆಯಲ್ಲಿ ಬಿಡಿಯಾಗಿ ಹೊರಬಂದು ಅಕ್ಟೋಬರ್‌ನಲ್ಲಿ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿಗೇರಿತು. ಹಾಡುಗಾರನಾಗಿ ಅವನಿಗೆ ಅದೇ ಮೊದಲ ಮೊದಲಸ್ಥಾನ, ಆಗ 42 ವರ್ಷ. ಎರಡೂಕಾಲು ನಿಮಿಷ ಚಿಲ್ಲರೆಯ ಹಾಡು ಅದು. ಆಲ್ಬಮ್ ಕೂಡ ಕಂಟ್ರಿ ಪಟ್ಟಿಯಲ್ಲಿ ಒಂದನೆಯದಾಯಿತು, ಎಲ್ಲ ಬಗೆಯ ಸಂಗೀತದ ಪಟ್ಟಿಯಲ್ಲಿ 28ರವರೆಗೆ ಹೋಯಿತು. 1976ರಲ್ಲಿ ಗ್ರ್ಯಾಮಿ ಬಂತು. 1986ರ ಹೊತ್ತಿಗೆ ಇಪ್ಪತ್ತು ಲಕ್ಷ ಪ್ರತಿಗಳ ಡಬಲ್ ಪ್ಲಾಟಿನಂ. ಆ ಅಕ್ಟೋಬರ್ ತಿಂಗಳನ್ನೇ ಒಮ್ಮೆ ನೆನೆ. ಒಂದು ಕಡೆ ಡೆಮೊ ಅನ್ನಿಸಿಕೊಂಡ ಹಾಡು ತುದಿಯಲ್ಲಿದೆ. ಅದೇ ತಿಂಗಳು ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಸಂಗೀತ ಸಂಘದ ಪ್ರಶಸ್ತಿ ಸಮಾರಂಭ. ವರ್ಷದ ಕಲಾವಿದ ಜಾನ್ ಡೆನ್ವರ್ ಎಂದು ಓದಬೇಕಿದ್ದ ಚಾರ್ಲಿ ರಿಚ್ ವೇದಿಕೆಯ ಮೇಲೇ ಆ ಚೀಟಿಗೆ ಲೈಟರ್ ಹಚ್ಚಿದ. ಯಾವುದು ಕಂಟ್ರಿ, ಯಾವುದು ಅಲ್ಲ ಎಂಬ ಜಗಳ ಅಷ್ಟು ಬಿಸಿಯಾಗಿದ್ದ ಹೊತ್ತು ಅದು.

— ಮುಂದೆ ಉಳಿದ ಕಂಪನಿಗಳಿಗೂ ಬುದ್ಧಿ ಬಂತೇ?

— ಮರುವರ್ಷವೇ ಆರ್‌ಸಿಎಯವರು ತಮ್ಮಲ್ಲಿದ್ದ ವಿಲ್ಲಿಯ ಹಳೆಯ ಹಾಡುಗಳನ್ನೂ ವೇಲನ್ ಜೆನಿಂಗ್ಸ್, ಜೆಸ್ಸಿ ಕೋಲ್ಟರ್, ಟಾಂಪಾಲ್ ಗ್ಲೇಸರ್ ಹಾಡುಗಳನ್ನೂ ಸೇರಿಸಿ ‘ವಾಂಟೆಡ್! ದ ಔಟ್‌ಲಾಸ್’ ಎಂದು ಹೊರತಂದರು. ಹತ್ತು ಲಕ್ಷ ಮಾರಿ ಪ್ಲಾಟಿನಂ ಎನಿಸಿಕೊಂಡ ಮೊದಲ ಕಂಟ್ರಿ ಆಲ್ಬಮ್ ಅದು. ಬುದ್ಧಿ ಬಂತೋ ಇಲ್ಲವೋ, ಮಾರಾಟಕ್ಕೆ ಹೊಸ ಹೆಸರು ಸಿಕ್ಕಿತು. ವಿಲ್ಲಿ ಮಾತ್ರ ಆ ಹೆಸರಿಗೂ ಅಂಟಿಕೊಳ್ಳದೆ 1978ರಲ್ಲಿ ‘ಸ್ಟಾರ್‌ಡಸ್ಟ್’ ಎಂದು ಹಳೆಯ ಜಾಝ್ ಕಾಲದ ಹಾಡುಗಳನ್ನು ಹಾಡಿದ. ಕಂಪನಿಯವರಿಗೆ ಅದೂ ಹಿಡಿಸಲಿಲ್ಲ, ಅದೂ ಗೆದ್ದಿತು. ಅದಕ್ಕೂ ಕಾರಣ ಅದೇ ಕರಾರು.

— ಈಗ ನನ್ನ ಲೇಖನ ಹೀಗಿರುತ್ತದೆ, ಕೇಳಿ. ಇದು ದೊಡ್ಡ ಆಲ್ಬಮ್. ಹಾಡುಗಳನ್ನು ಅಕ್ಕಪಕ್ಕ ಇಟ್ಟೇ ಅರ್ಥ ಹುಟ್ಟಿಸುವುದು ಹೇಗೆಂದು ಕಲಿಯಲು ಇದಕ್ಕಿಂತ ಒಳ್ಳೆಯದು ನಾನು ಕೇಳಿಲ್ಲ. ಇದರಲ್ಲಿ ಸತ್ತ ಮೂವರಲ್ಲಿ ಇಬ್ಬರು ಹೆಂಗಸರು, ಅವರಿಗೆ ಹೆಸರಿಲ್ಲ, ಮಾತಿಲ್ಲ. ಎರಡನೆಯ ಮಾತಿಗೆ ಹೆದರಿ ಮೊದಲನೆಯದನ್ನು ಬಿಡುವುದಿಲ್ಲ. ಮೊದಲನೆಯದಕ್ಕೆ ಮರುಳಾಗಿ ಎರಡನೆಯದನ್ನು ಮುಚ್ಚುವುದಿಲ್ಲ.

— ಅದನ್ನು ಅಷ್ಟೇ ಗಟ್ಟಿಯಾಗಿ ಬರಿ. ನಾನು ಆ ಪಿಯಾನೋದ ಪಕ್ಷ, ಅದು ಹಾಗೇ ಇರಲಿ. ಓದುಗರಿಗೆ ಒಂದು ಕೋರಿಕೆ ಮಾತ್ರ ಮರೆಯದೇ ಹಾಕು. ಈ ಆಲ್ಬಮ್ಮಿನ ಹಾಡುಗಳನ್ನು ಫೋನಿನಲ್ಲಿ ಕಲಸಿ, ಬೇಕಾದ್ದನ್ನು ಆರಿಸಿ ಕೇಳಬೇಡಿ. ಒಟ್ಟು 33 ನಿಮಿಷ ಅಷ್ಟೇ. ಒಂದರಿಂದ ಹದಿನೈದರವರೆಗೆ, ಅದೇ ಕ್ರಮದಲ್ಲಿ ಕೇಳಿ.